ಮಗಳಿಗೊಂದು ಪತ್ರ: ಶನಿವಾರದ ರಾತ್ರಿ ಊಟ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದೇ ರಾತ್ರಿಯೆಲ್ಲ ತಲೆಯಲ್ಲಿತ್ತು. ಈ ಸಲದ ಹುಟ್ಟುಹಬ್ಬಕ್ಕೆ ಹೋಟೆಲು ಬೇಡ, ನೀವಿಬ್ಬರೂ ಶನಿವಾರ ಶನಿವಾರ ಹೋಗುವ ವೃದ್ಧಾಶ್ರಮದಲ್ಲಿ ಹೋಳಿಗೆ ಊಟ ಹಾಕಿಸುತ್ತೇನೆ, ಆಫೀಸಿನವರು ಹತ್ತು ಜನ ಬರುತ್ತಾರೆ, ಖರ್ಚೆಲ್ಲ ನನ್ನದೇ ಅಂದೆ. ಅಮ್ಮನ ಕಣ್ಣು ತುಂಬಿತು. ನನಗೂ ಹೆಮ್ಮೆಯಾಯಿತು. ಆದರೂ ನಾನು ಹೂಂ ಅನ್ನಲಿಲ್ಲ. ನಿನಗೆ ಬೇಜಾರಾಗಿರುತ್ತದೆ. ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಹೋಳಿಗೆ ಊಟಕ್ಕೆ ಅಲ್ಲಿ ಬರವಿಲ್ಲ ಕಣಮ್ಮ. ಹುಟ್ಟುಹಬ್ಬ, ಮದುವೆಯ ದಿನ, ತಿಥಿ ಅಂತ ಮಧ್ಯಾಹ್ನದ ಊಟ ಹಾಕಿಸುವವರು ತಿಂಗಳಿಗೆ ಏಳೆಂಟು ಮಂದಿ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಆದರೆ ಅಲ್ಲಿರುವ ಮೂವತ್ತೆಂಟು ಜನರಲ್ಲಿ ಅರ್ಧಕ್ಕರ್ಧ ಜನಕ್ಕೆ ಶುಗರ್. ಹೋಳಿಗೆ ತಟ್ಟೆಯಲ್ಲೇ ಉಳಿಯುತ್ತದೆ, ಇಲ್ಲವೇ ಆಸೆಗೆ ತಿಂದು ಸಂಜೆ ಸಿಸ್ಟರ್ ಹತ್ತಿರ ಬೈಸಿಕೊಳ್ಳುತ್ತಾರೆ. ರಾತ್ರಿಯ ಊಟದ ನೆನಪು ಮಾತ್ರ ಯಾರಿಗೂ ಬರುವುದಿಲ್ಲ. ಅಡುಗೆಯವರು ಮನೆಗೆ ಹೊರಡುವ ಮೊದಲು ನಾಲ್ಕೂವರೆಗೇ ಮಾಡಿಟ್ಟ ಉಪ್ಪಿಟ್ಟು ಏಳು ಗಂಟೆಗೆ ಗಟ್ಟಿಯಾಗಿ ಕೂತಿರುತ್ತದೆ. ನಾವು ಶನಿವಾರದ ರಾತ್ರಿಯನ್ನು ಹಿಡಿದುಕೊಂಡದ್ದು ಅದಕ್ಕೇ.

ಶುರುವಿನಲ್ಲಿ ನನಗೂ ಏನೂ ಗೊತ್ತಿರಲಿಲ್ಲ. ಎರಡನೆಯ ವಾರವೇ ನಲವತ್ತು ನಿಮಿಷ ತಡ ಮಾಡಿದೆವು. ಬೇಳೆ ಬೇಯಲಿಲ್ಲ, ಮತ್ತೆ ಕುಕ್ಕರ್ ಇಟ್ಟೆವು, ತಡವಾದರೇನು ರುಚಿಯಾಗಿರಲಿ ಅಂದುಕೊಂಡೆವು. ಅಷ್ಟರಲ್ಲಿ ಮೂಲೆಯ ಮೇಜಿನ ತಾತ ಬೆವೆತು ನಡುಗತೊಡಗಿದರು. ಊಟ ಏಳಕ್ಕೆ ಬರುತ್ತದೆ ಅಂತ ಸಿಸ್ಟರ್ ಆಗಲೇ ಇನ್ಸುಲಿನ್ ಕೊಟ್ಟಿದ್ದರು. ಇಂಜೆಕ್ಷನ್ ಆದಮೇಲೆ ಹೊಟ್ಟೆಗೆ ಅನ್ನ ಬೀಳದಿದ್ದರೆ ಶುಗರ್ ಕುಸಿಯುತ್ತದೆ. ಸಕ್ಕರೆ ನೀರು ಕುಡಿಸಿ ಕೂರಿಸಿದರು, ಹತ್ತು ನಿಮಿಷಕ್ಕೆ ಸರಿಹೋದರು. ನನ್ನ ಕೈ ಮಾತ್ರ ಮನೆಗೆ ಬರುವ ತನಕ ನಡುಗುತ್ತಲೇ ಇತ್ತು. ಆವತ್ತಿನಿಂದ ಏಳು ಅಂದರೆ ಏಳೇ. ಮೂರಕ್ಕೆ ಅಡುಗೆಮನೆ ಹೊಕ್ಕರೆ ಆರೂವರೆಗೆ ಕೊಳಗಗಳು ಕೆಳಗಿಳಿದಿರಬೇಕು.

ಇನ್ನೊಂದು ವಿಷಯ ಹೇಳಬೇಕು. ಇದನ್ನು ನಿನಗೆ ಈವರೆಗೆ ಹೇಳಿಲ್ಲ.

ನಿನ್ನ ಅಜ್ಜಿ ಕೊನೆಯ ವರ್ಷ ಏನು ಬಡಿಸಿದರೂ ‘ಉಪ್ಪೇ ಇಲ್ಲ’ ಅನ್ನುತ್ತಿದ್ದರಲ್ಲ, ನೆನಪಿದೆಯಾ? ಅಮ್ಮ ಎಷ್ಟೋ ಸಲ ಒಲೆಯ ಮುಂದೆ ನಿಂತು ಅತ್ತಿದ್ದಾಳೆ. ನಾನಂತೂ ಒಂದು ದಿನ, ‘ಎಲ್ಲರಿಗೂ ಸರಿಯಾಗಿದೆ, ನಿನಗೊಬ್ಬಳಿಗೇ ಯಾಕೆ ಸರಿಯಿಲ್ಲ? ಸುಮ್ಮನೆ ತಿನ್ನಮ್ಮ’ ಅಂತ ಗದರಿದೆ. ಅಜ್ಜಿ ತಟ್ಟೆ ನೋಡುತ್ತಾ ತಿಂದರು. ಮತ್ತೆ ಉಪ್ಪಿನ ಮಾತೆತ್ತಲಿಲ್ಲ. ಊಟ ಮಾತ್ರ ಕಡಿಮೆಯಾಗುತ್ತಾ ಬಂತು. ವಯಸ್ಸಾದಂತೆ ನಾಲಿಗೆಗೂ ಮೂಗಿಗೂ ಚುರುಕು ತಗ್ಗುತ್ತದೆ, ಕೆಲವು ಮಾತ್ರೆಗಳು ಬಾಯಿರುಚಿಯನ್ನೇ ಕೆಡಿಸುತ್ತವೆ ಅಂತ ಆಶ್ರಮದ ಸಿಸ್ಟರ್ ಹೇಳಿದ ದಿನ ನನಗೆ ಸೌಟು ಹಿಡಿಯಲಾಗಲಿಲ್ಲ. ಅಜ್ಜಿ ಹುಳುಕು ತೆಗೆಯುತ್ತಿರಲಿಲ್ಲ. ಅವರ ನಾಲಿಗೆಗೆ ಆ ಉಪ್ಪು ನಿಜವಾಗಿಯೂ ತಾಗುತ್ತಿರಲಿಲ್ಲ.

ಹಾಗಂತ ಉಪ್ಪು ಸುರಿಯುವ ಹಾಗೂ ಇಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದೊಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿ ಮುಕ್ಕಾಲು ಪಾಲು ಜನಕ್ಕೆ ಬಿಪಿ ಬೇರೆ. ಅಮ್ಮ ಬೇರೆ ದಾರಿ ಹಿಡಿದಿದ್ದಾಳೆ. ಹುಳಿಪುಡಿಯನ್ನು ಆವತ್ತೇ ಹುರಿದು ಕುಟ್ಟುತ್ತಾಳೆ. ಇಂಗು, ಕರಿಬೇವು, ಕೊತ್ತಂಬರಿ ಧಾರಾಳ. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡುತ್ತಾಳೆ. ಒಗ್ಗರಣೆಯನ್ನು ಮಾತ್ರ ಊಟದ ಕೋಣೆಯ ಪಕ್ಕದಲ್ಲೇ, ಬಾಗಿಲು ತೆರೆದಿಟ್ಟು ಹಾಕುತ್ತಾಳೆ. ಸಾಸಿವೆ ಚಟಪಟ ಅಂದಾಗ ಆಚೆ ಕಡೆ ಕುರ್ಚಿಗಳು ಸರಿಯುವ ಸದ್ದು ನೀನು ಕೇಳಬೇಕು.

ಈಗ ಅವರೆಕಾಯಿಯ ಕಾಲವಲ್ಲವೇ. ಕಡಲೆಕಾಯಿ ಪರಿಷೆ ಮುಗಿಯುತ್ತಿದ್ದ ಹಾಗೆ ಗಾಂಧಿ ಬಜಾರಿನಲ್ಲಿ ಮಾಗಡಿ ಕಡೆಯ ಕಾಯಿ ರಾಶಿ ಬಿದ್ದಿದೆ. ಮುಟ್ಟಿದರೆ ಕೈಗೆ ಸೊಗಡು ಅಂಟುತ್ತದೆ. ಹೋದ ವಾರ ಹತ್ತು ಕೆ.ಜಿ. ತಂದು, ಹಿಂದಿನ ರಾತ್ರಿಯೇ ಸುಲಿದು ಕಾಳು ನೆನೆಹಾಕಿದ್ದೆವು. ಹಿತಕುವ ಕೆಲಸ ಮನೆಯಲ್ಲಿ ಮುಗಿಯಲಿಲ್ಲ, ಬೇಸಿನ್ ಸಮೇತ ಅಲ್ಲಿಗೇ ಒಯ್ದೆವು. ಅಡುಗೆಮನೆಯಲ್ಲಿ ಜಾಗವಿಲ್ಲದೆ ಊಟದ ಕೋಣೆಯ ಮೇಜಿನ ಮೇಲೆ ಇಟ್ಟೆವು. ಕಿಟಕಿಯ ಪಕ್ಕ ಕೂರುವ ಒಬ್ಬ ಅಜ್ಜಿ ಇದ್ದಾರೆ. ಬೆರಳುಗಳೆಲ್ಲ ಸೊಟ್ಟಗಾಗಿವೆ. ನಾಲ್ಕು ತಿಂಗಳಿಂದ ನಮ್ಮ ಯಾರೊಂದಿಗೂ ಅವರು ಮಾತಾಡಿದ್ದೇ ಇಲ್ಲ. ತಟ್ಟೆ ಇಟ್ಟರೆ ತಿನ್ನುತ್ತಿದ್ದರು, ಎತ್ತಿದರೆ ಸುಮ್ಮನಿರುತ್ತಿದ್ದರು. ಆವತ್ತು ಅವರೇ ಕುರ್ಚಿ ಎಳೆದುಕೊಂಡು ಬಂದು ಬೇಸಿನ್ನಿಗೆ ಕೈ ಹಾಕಿದರು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಇಟ್ಟು ಒಂದು ಸಣ್ಣ ಒತ್ತು, ಬೇಳೆ ಪುಳಕ್ಕನೆ ಬಟ್ಟಲಿಗೆ, ಸಿಪ್ಪೆ ಬೆರಳಲ್ಲಿ. ನಾನು ಒಂದು ಹಿತಕುವಷ್ಟರಲ್ಲಿ ಅವರದು ಮೂರು ಆಗಿರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಮ್ಮನ ಬಟ್ಟಲಿಂದ ಒಂದು ಬೇಳೆ ಎತ್ತಿ ಬೆಳಕಿಗೆ ಹಿಡಿದು, ‘ಇದು ಬಲಿತಿದೆ, ಬೇಯಲ್ಲ’ ಅಂದರು. ಅದೇ ಮೊದಲ ಮಾತು. ಆಮೇಲೆ ಇನ್ನೂ ಐದು ಜನ ಬಂದು ಸುತ್ತ ಕೂತರು. ಶುಂಠಿ ಜಾಸ್ತಿ ಹಾಕಿ, ಇಲ್ಲದಿದ್ದರೆ ರಾತ್ರಿ ವಾಯು ಆಗುತ್ತೆ ಅಂತ ಒಬ್ಬರು. ನಮ್ಮ ಕಡೆ ಗಸಗಸೆ ಹಾಕಿ ರುಬ್ಬುತ್ತಿದ್ದೆವು ಅಂತ ಇನ್ನೊಬ್ಬರು. ಅಮ್ಮ ಎರಡನ್ನೂ ಮಾಡಿದಳು. ಆ ರಾತ್ರಿ ಕೊಳಗದ ತಳ ಕಂಡಿತು.

ಪುಟ್ಟಿ, ಅವರು ಹಸಿದು ಕೂತಿಲ್ಲ. ಏನು ಬೇಕು, ಎಷ್ಟು ಬೇಕು, ಹೇಗಿರಬೇಕು ಅಂತ ಅವರನ್ನು ಕೇಳುವವರು ಇಲ್ಲವಾಗಿದ್ದಾರೆ. ನಲವತ್ತು ಐವತ್ತು ವರ್ಷ ಮನೆಯವರಿಗೆಲ್ಲ ‘ಇನ್ನೊಂದು ಚೂರು ಹಾಕಲಾ’ ಅಂತ ಕೇಳಿಕೊಂಡು ಬಂದವರು. ಅದಕ್ಕೇ ಬಡಿಸುವಾಗ ಕೇಳಿಯೇ ಬಡಿಸಬೇಕು. ಪ್ರತಿಯೊಬ್ಬರ ಮುಂದೆಯೂ ನಿಲ್ಲಬೇಕು. ‘ಅನ್ನ ಮೆತ್ತಗಿರಲಾ? ಮುದ್ದೆ ಅರ್ಧ ಹಾಕಲಾ? ಮಜ್ಜಿಗೆ ಈಗಲೋ ಆಮೇಲೋ?’ ಸಾಕು ಅಂದರೆ ಸಾಕೇ. ಉಪಚಾರದ ಹೆಸರಲ್ಲಿ ಮೇಲೊಂದು ಸೌಟು ಸುರಿಯಬಾರದು, ಆ ಒಂದು ‘ಸಾಕು’ ಆದರೂ ಅವರ ಮಾತಿನಂತೆ ನಡೆಯಲಿ. ಹಲ್ಲಿಲ್ಲದವರಿಗೆ ಮುದ್ದೆ ಹಿತ, ಆದರೆ ನುಂಗಲು ಕಷ್ಟವಿರುವ ಮೂವರಿದ್ದಾರೆ, ಅವರಿಗೆ ಮುದ್ದೆಯೂ ಬೇಡ, ತಿಳಿಸಾರು ಸುರಿದ ಉದುರು ಅನ್ನವೂ ಬೇಡ. ನೀರು ಮುಂದೆ ಓಡಿ, ಅಗುಳು ಹಿಂದೆ ಉಳಿದು ನೆತ್ತಿಗೇರುತ್ತದೆ. ಅವರಿಗೆ ಬೇಳೆ ಅನ್ನ ಒಟ್ಟಿಗೆ ಕಿವುಚಿ, ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ನಿಧಾನವಾಗಿ ಕೊಡಬೇಕು. ಯಾರು ಯಾರು ಅಂತ ಸಿಸ್ಟರ್ ತೋರಿಸುತ್ತಾರೆ.

ಮಕ್ಕಳು ಎಲ್ಲಿದ್ದಾರೆ ಅಂತ ಮಾತ್ರ ಯಾರನ್ನೂ ಕೇಳಬೇಡ. ನಿನ್ನ ಗೆಳತಿಯರಲ್ಲಿ ಯಾರಾದರೂ ಆವೇಶದಲ್ಲಿ ಕಾನೂನಿನ ಮಾತು ತೆಗೆಯಬಹುದು. 2007ರ ಕಾಯ್ದೆಯ ಪ್ರಕಾರ ಹೆತ್ತವರು ಮಕ್ಕಳಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ನಿಜ. ಅಲ್ಲಿರುವ ಕೆಲವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಮಗನ ಮೇಲೆ ಅರ್ಜಿ ಬರೆಯಲು ಅವರಿಗೆ ಕೈ ಬಂದಿಲ್ಲ. ಊಟದ ಹೊತ್ತಿನಲ್ಲಿ ಆ ಮಾತು ಬೇಡ. ಫೋಟೋ ಕೂಡ ಬೇಡ.

ಹತ್ತು ಜನ ಬೇಡ, ಅಡುಗೆಮನೆಯಲ್ಲಿ ನಿಲ್ಲಲು ಜಾಗವಿಲ್ಲ. ನೀನೂ ಇನ್ನಿಬ್ಬರೂ ಬನ್ನಿ. ಹೋಳಿಗೆಗೆ ತೆಗೆದಿಟ್ಟ ದುಡ್ಡಲ್ಲಿ ಅವರೆಕಾಯಿ, ತರಕಾರಿ, ಎರಡು ದೊಡ್ಡ ಹಾಟ್‌ಬಾಕ್ಸ್ ತರೋಣ, ಅನ್ನ ಬಿಸಿಯಾಗಿ ಉಳಿಯುತ್ತದೆ. ಮತ್ತೆ ಒಂದು ಮಾತು. ಒಂದೇ ಸಲ ಬಂದು ಹೋಗುವುದಾದರೆ ‘ಮುಂದಿನ ವಾರ ಬರ್ತೀನಿ’ ಅಂತ ಬಾಯಿಮಾತಿಗೂ ಹೇಳಬೇಡ. ಅವರು ವಾರ ಎಣಿಸುತ್ತಾರೆ. ತಿಂಗಳಿಗೊಂದು ಶನಿವಾರ ನಿನ್ನಿಂದ ಆದೀತು ಅನ್ನಿಸಿದರೆ ಹೇಳು, ಅದನ್ನು ಸಿಸ್ಟರ್‌ಗೆ ತಿಳಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತೇನೆ.

ವೈಟ್‌ಫೀಲ್ಡಿನಿಂದ ಕ್ಯಾಬ್ ನಂಬಬೇಡ, ಶನಿವಾರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತೀಯ. ಮೆಟ್ರೋ ಹಿಡಿದು ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿ. ಎರಡೂವರೆಗೆ ಸ್ಕೂಟರ್ ತಂದು ಕಾಯುತ್ತೇನೆ. ಹತ್ತಿ ಚೂಡಿದಾರ ಹಾಕಿಕೊಂಡು ಬಾ, ಕೂದಲು ಕಟ್ಟಿರಲಿ, ಉಗುರು ಕತ್ತರಿಸಿರಲಿ. ಕಿಟಕಿ ಪಕ್ಕದ ಅಜ್ಜಿಗೆ ಮಗಳು ಬರುತ್ತಾಳೆ ಅಂತ ಹೇಳಿಟ್ಟಿದ್ದೇನೆ. ‘ಹಿತಕೋಕೆ ಬರುತ್ತಾ ಅವಳಿಗೆ?’ ಅಂತ ಕೇಳಿದರು. ಬರಲ್ಲ, ನೀವೇ ಕಲಿಸಿಕೊಡಿ ಅಂದಿದ್ದೇನೆ.

ನಿನ್ನ,
ಅಪ್ಪ