ಚೆಂಡು ಹಿಡಿದವನು ಎಲ್ಲಿ?

ಪ್ರೀತಿಯ ಮಗಳೇ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಜೊತೆಗಿದ್ದ ಕಾಗದವನ್ನೂ ಓದಿದೆ. "ಇನ್ನು ಬರೆಯಲ್ಲ ಸರ್" ಅಂದಿದ್ದೀಯ. ನಾನು ನಂಬುವುದಿಲ್ಲ. ಬರೆಯುವುದನ್ನು ಬಿಟ್ಟವರು ಇಷ್ಟು ದಪ್ಪದ ಕಟ್ಟು ಕಳಿಸುವುದಿಲ್ಲ.

ಬೇಸ್‌ಬಾಲ್ ಕಥೆ ಕನ್ನಡದಲ್ಲಿ ಯಾರು ಓದುತ್ತಾರೆ ಅಂತ ಪ್ರಕಾಶಕರೊಬ್ಬರು ಕೇಳಿದರಂತೆ. ಕೇಳಲಿ ಬಿಡು. ಅಧ್ಯಾಯ ಎಷ್ಟು ಉದ್ದ ಇರಬೇಕು, ಫೋಟೋ ಬೇಕಾ, ಮುನ್ನುಡಿ ಯಾರ ಹತ್ತಿರ ಬರೆಸಲಿ ಅಂತೆಲ್ಲ ನೀನು ಕೇಳಿದ್ದೀಯ. ಅವೆಲ್ಲ ಪ್ರೆಸ್ಸಿಗೆ ಹೋಗುವ ಹೊತ್ತಿಗೆ ಬಗೆಹರಿಯುತ್ತವೆ. ನನ್ನ ತಕರಾರು ಬೇರೆ. ನಿನ್ನ ಪುಸ್ತಕದಲ್ಲಿ ಹೊಗಳಿಕೆ ತೀರಾ ಜಾಸ್ತಿ.

ಪುಸ್ತಕಕ್ಕೆ ಅಮೆರಿಕದ ಬೇಸ್‌ಬಾಲ್ ಆಟಗಾರ ಹೊಯ್ಟ್ ವಿಲ್ಹೆಲ್ಮ್‌ನನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ನೀನಿರುವ ಶಾರ್ಲೆಟ್‌ಗೆ ಹತ್ತಿರದ ಹಂಟರ್ಸ್‌ವಿಲ್‌ನವನು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡವನು. 1952ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಬಂದಾಗ ವಯಸ್ಸು 29. ಆ ವರ್ಷ 71 ಪಂದ್ಯಗಳಿಗೆ ಇಳಿದ. ಒಂದನ್ನೂ ಅವನು ಶುರು ಮಾಡಲಿಲ್ಲ. ಮೊದಲಿಂದ ಚೆಂಡೆಸೆಯುವ ಪಿಚರ್ ದಣಿದ ಮೇಲೆ ಕರೆಸಿಕೊಳ್ಳುವ ರಿಲೀಫ್ ಪಿಚರ್ ಅವನು. ಬ್ಯಾಟ್ ಹಿಡಿದ ಮೊದಲ ಸಲವೇ ಚೆಂಡನ್ನು ಮೈದಾನದಾಚೆ ಅಟ್ಟಿ ಹೋಮ್ ರನ್ ಹೊಡೆದ. ಆಮೇಲೆ 1972ರವರೆಗೆ ಆಡಿದರೂ ಇನ್ನೊಂದು ಹೊಡೆಯಲಿಲ್ಲ. ಇಡೀ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ್ದು ನೀನು ಇದನ್ನು ಹೇಳಿರುವ ಪುಟ. ಅಲ್ಲಿ ನೀನು ಅವನನ್ನು ಒಂದು ಸಲವೂ ಹೊಗಳಿಲ್ಲ.

ಉಳಿದ ಕಡೆ ಅವನು ಮಾಂತ್ರಿಕ, ದೈತ್ಯ, ಋಷಿ. ಯಾಕೆ ಮಾರಾಯ್ತಿ? ಅವನು ಎಸೆಯುತ್ತಿದ್ದದ್ದು ನಕಲ್‌ಬಾಲ್. ಬೆರಳ ತುದಿಯಲ್ಲಿ ಹಿಡಿದು, ಚೆಂಡು ತಿರುಗದ ಹಾಗೆ ತಳ್ಳುವುದು. ತಿರುಗದ ಚೆಂಡಿನ ಹೊಲಿಗೆಗೆ ಗಾಳಿ ತಾಗಿ ಅದು ದಾರಿಯಲ್ಲಿ ಅತ್ತಿತ್ತ ಓಲಾಡುತ್ತದೆ. ಎಲ್ಲಿಗೆ ಹೋಗುತ್ತದೆ ಅಂತ ಬ್ಯಾಟ್ಸ್‌ಮನ್‌ಗೆ ಗೊತ್ತಿಲ್ಲ. ಎಸೆದವನಿಗೂ ಗೊತ್ತಿಲ್ಲ. ಹಾಗಾದರೆ ಹಿಂದೆ ಕೂತು ಅದನ್ನು ಹಿಡಿಯುವವನ ಗತಿ ಏನು? ನಿನ್ನ ಪುಸ್ತಕದಲ್ಲಿ ಅವನೇ ಇಲ್ಲ.

ನಮ್ಮ ಚಂದ್ರಶೇಖರ್ ಬೌಲಿಂಗಿಗೆ ಕಿರ್ಮಾನಿ ಕೀಪಿಂಗ್ ಮಾಡುತ್ತಿದ್ದುದನ್ನು ನೆನೆಸಿಕೊಂಡರೆ ನಮ್ಮವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಆದರೆ ವಿಲ್ಹೆಲ್ಮ್‌ನ ಕ್ಯಾಚರ್‌ಗಳ ಪಾಡು ಇನ್ನೂ ಕಷ್ಟದ್ದು. 1965ರಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡದಲ್ಲಿ ವಿಲ್ಹೆಲ್ಮ್ ಜೊತೆ ಎಡ್ಡಿ ಫಿಶರ್ ಅಂತ ಇನ್ನೊಬ್ಬ ನಕಲ್‌ಬಾಲ್ ಎಸೆಯುವವನಿದ್ದ. ಆ ವರ್ಷ ಕ್ಯಾಚರ್ ಜೆ.ಸಿ. ಮಾರ್ಟಿನ್ ಹೆಸರಿಗೆ 33 ಪಾಸ್ಡ್ ಬಾಲ್, ಅಂದರೆ ಹಿಡಿಯಬೇಕಿದ್ದು ಕೈತಪ್ಪಿದ ಚೆಂಡುಗಳು, ಬಿದ್ದವು. ಪಾಸ್ಡ್ ಬಾಲ್ ಕ್ಯಾಚರ್‌ನ ತಪ್ಪು ಅಂತಲೇ ಲೆಕ್ಕ. ಅದರಿಂದ ಬಂದ ರನ್, ಒಂಬತ್ತು ಇನಿಂಗ್ಸಿಗೆ ಎಷ್ಟು ರನ್ ಕೊಟ್ಟ ಅನ್ನುವ ಪಿಚರ್‌ನ ಸರಾಸರಿಗೆ ಸೇರುವುದಿಲ್ಲ. ನೀನು ಪುಟಪುಟಕ್ಕೂ ಮೆರೆಸುವ ಆ 2.52 ಸರಾಸರಿ ಇದೆಯಲ್ಲ, ಅದರಲ್ಲಿ ಇವರೆಲ್ಲರ ಪಾಲಿದೆ. ಹೊಗಳಲು ಕೂತವರಿಗೆ ಇದು ಕಾಣುವುದಿಲ್ಲ, ಕಣ್ಣು ಒಬ್ಬನ ಮೇಲೇ ನೆಟ್ಟಿರುತ್ತದೆ.

1958ರ ಸೆಪ್ಟೆಂಬರ್ 20ರ ಪಂದ್ಯವನ್ನೇ ನೋಡು. ಅವತ್ತು ಬಾಲ್ಟಿಮೋರ್ ಪರವಾಗಿ ವಿಲ್ಹೆಲ್ಮ್ ಮೊದಲಿಂದಲೇ ಎಸೆದ. ಎದುರಾಳಿ ಯಾಂಕೀಸ್ ತಂಡಕ್ಕೆ ಒಂದೂ ಹಿಟ್ (ಔಟಾಗದೆ ಓಡಲು ಸಾಧ್ಯವಾಗುವ ಹೊಡೆತ) ಸಿಗಲಿಲ್ಲ. ನೀನು ಇಡೀ ಅಧ್ಯಾಯ ಬರೆದಿದ್ದೀಯ, ಸರಿ. ಆದರೆ ಪಂದ್ಯ ಗೆದ್ದದ್ದು 1-0ರಿಂದ. ಆ ಒಂದು ರನ್ ಕ್ಯಾಚರ್ ಗಸ್ ಟ್ರಿಯಾಂಡೋಸ್‌ನ ಹೋಮ್ ರನ್! ದಿನವಿಡೀ ಆ ಚೆಂಡಿನ ಜೊತೆ ಒದ್ದಾಡಿದವನೇ ಪಂದ್ಯವನ್ನೂ ಗೆದ್ದುಕೊಟ್ಟ. ನೀನು ಅವನಿಗೆ ಕೊಟ್ಟದ್ದು ಅರ್ಧ ವಾಕ್ಯ. ಓದುವಾಗ ನನಗೆ ನಿಜವಾಗಲೂ ಸಿಟ್ಟು ಬಂತು. ಎರಡು ವರ್ಷದ ನಂತರ ಮ್ಯಾನೇಜರ್ ಪಾಲ್ ರಿಚರ್ಡ್ಸ್ ಈ ಚೆಂಡಿಗಾಗಿಯೇ ದೊಡ್ಡ ಗ್ಲೌಸ್ ಮಾಡಿಸಿದರು. ಮುಂದೆ ಗ್ಲೌಸ್ ಇಷ್ಟೇ ಅಗಲ ಇರಬೇಕು ಅಂತ ನಿಯಮವೇ ಬಂತು. ಎಂಥ ಸಾಮಗ್ರಿ ಇದು! ಸುಮ್ನೆ ಬಿಟ್ಟುಬಿಟ್ಟಿದ್ದೀಯ.

ಹೊಗಳಿಕೆ ಮೇಲೆ ನನಗೆ ಹಳೆಯ ಸಿಟ್ಟಿದೆ. ನನ್ನ ಮೊದಲ ಕಾದಂಬರಿ ಬಿಡುಗಡೆಯ ದಿನ ದೊಡ್ಡ ವಿಮರ್ಶಕರೊಬ್ಬರು ಮುಕ್ಕಾಲು ಗಂಟೆ ಹೊಗಳಿದರು. ಕಥೆಯ ಒಂದು ಪಾತ್ರದ ಹೆಸರೂ ಅವರ ಬಾಯಲ್ಲಿ ಬರಲಿಲ್ಲ. ಅವರು ಪುಸ್ತಕ ತೆರೆದೇ ಇರಲಿಲ್ಲ. ಬೈಯಬೇಕಿದ್ದರೆ ಓದಬೇಕಾಗುತ್ತಿತ್ತು, ಅಲ್ವಾ? ಆ ಪುಸ್ತಕದ ಕರಡು ತಿದ್ದಿದವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮೂರನೇ ಅಧ್ಯಾಯದಲ್ಲಿ ಸತ್ತ ಅಜ್ಜ ಏಳರಲ್ಲಿ ಕಾಫಿ ಕುಡಿಯುವುದನ್ನು ಕಂಡು ಹಿಡಿದು ಹೇಳಿದವರು ಅವರು. ವೇದಿಕೆಯಿಂದ ಯಾರೂ ಅವರ ಹೆಸರು ಹೇಳಲಿಲ್ಲ.

ಕೊನೆಯ ಭಾಗದಲ್ಲಿ ನೀನು ಬರೀ ಗೋಳಾಡಿದ್ದೀಯ. 1,070 ಪಂದ್ಯ ಆಡಿ, 50 ತುಂಬಲು ಕೆಲವೇ ದಿನ ಇರುವಾಗ ನಿಲ್ಲಿಸಿದವನನ್ನು ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಸೇರಿಸಲು 1985ರ ತನಕ ಕಾಯಿಸಿದರು, ಅದೂ ಎಂಟನೇ ಸಲದ ಮತದಾನದಲ್ಲಿ. ಅನ್ಯಾಯ ಅಂತೀಯ. ಇರಬಹುದು. ಆದರೆ ಕಾರಣ ಹುಡುಕಬೇಡವೇ? ಅವನಿಗಿಂತ ಮೊದಲು ಬರೀ ರಿಲೀಫ್ ಪಿಚರ್ ಅಂತ ಹೆಸರಾದ ಒಬ್ಬರೂ ಅಲ್ಲಿಗೆ ಹೋಗಿರಲಿಲ್ಲ. ತಂಡದ ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿದ ರಿಲೀಫ್ ಪಿಚರ್ ಹೆಸರಿಗೆ ಸೇರುವ "ಸೇವ್" ಅನ್ನುವ ಲೆಕ್ಕ ಅಧಿಕೃತವಾದದ್ದೇ 1969ರಲ್ಲಿ. ಅಷ್ಟರಲ್ಲಿ ಅವನ ಆಟ ಬಹುಪಾಲು ಮುಗಿದಿತ್ತು. ಅವನ ಕೆಲಸವನ್ನು ಯಾವುದರಿಂದ ಅಳೆಯಬೇಕು ಅಂತ ಮತ ಹಾಕುವವರಿಗೆ ತಿಳಿದಿರಲಿಲ್ಲ. ಇದನ್ನು ಬಿಡಿಸಿ ಬರೆದರೆ ಓದುವವರು ತಾವೇ ಮರುಗುತ್ತಾರೆ.

ಟ್ರಿಯಾಂಡೋಸ್ ಅಧ್ಯಾಯ ಮೊದಲು ಬರೆ. ಅಲ್ಲಿಯ ಲೈಬ್ರರಿಗೆ ಹೋಗಿ ಆ ವರ್ಷಗಳ ಪತ್ರಿಕೆ ತೆಗೆಸು. ಕ್ಯಾಚರ್‌ಗಳು ಏನು ಹೇಳಿದ್ದಾರೆ ಹುಡುಕು. ಹೊಗಳುವ ಮಾತು ಬಂದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೇನೆ, ಕಟ್ಟನ್ನು ವಾಪಸು ಕಳಿಸುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ನಿನಗೆ ನೋಡುವ ಕಣ್ಣಿದೆ, ಆ ಹೋಮ್ ರನ್ ಪುಟ ಓದಿದಾಗಲೇ ಗೊತ್ತಾಯಿತು. ಯುಗಾದಿ ಒಳಗೆ ಹೊಸ ಅಧ್ಯಾಯ ನನ್ನ ಕೈ ಸೇರಬೇಕು. ಅಕ್ಷರ ಸ್ವಲ್ಪ ದೊಡ್ಡದಾಗಿ ಪ್ರಿಂಟ್ ತೆಗೆಸು.

ಪ್ರೀತಿಯಿಂದ,
ನಿನ್ನ ಮೇಷ್ಟ್ರು