ನನ್ನ ಬಾಮೈದನಿಗೆ, ಮತ್ತೆ ನಿಮ್ಮೆಲ್ಲರಿಗೆ

ಮೊನ್ನೆ ರಿಪೋರ್ಟ್ ಬಂತು. ಕಸಿ ಮಾಡಿದ ನನ್ನ ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ಕ್ರಿಯೇಟಿನಿನ್ 1.3. ಕೊರೊನಾ ಬರೋ ಮುಂಚೆ ಎಷ್ಟಿತ್ತೋ ಹೆಚ್ಚೂ ಕಡಿಮೆ ಅಷ್ಟೇ. "ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು" ಅಂದರು ಡಾಕ್ಟರ್. ಈ ಮಾತು ಕೇಳುವ ತನಕ ಏನೂ ಬರೆಯಬಾರದು ಅಂತ ಇದ್ದೆ. ಈಗ ಬರೆಯುತ್ತಿದ್ದೇನೆ.

2021ರ ಮೇ ತಿಂಗಳು ಹೇಗಿತ್ತು ಅಂತ ಶಿಡ್ಲಘಟ್ಟದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಆಸ್ಪತ್ರೆ ಸೇರಿದ ಕಥೆಯೂ ನಿಮಗೆ ಗೊತ್ತು. ಆದರೆ ಆಗ ನನ್ನನ್ನು ಜಾಸ್ತಿ ಹೆದರಿಸಿದ್ದು ಉಸಿರಲ್ಲ, ಕಿಡ್ನಿ. ಅದು ನನ್ನ ಹೆಂಡತಿ ಕೊಟ್ಟದ್ದು. ಬೇರೆಯವರ ಕಿಡ್ನಿಯನ್ನು ಮೈ ತಳ್ಳಿಬಿಡದಿರಲಿ ಅಂತ ನಮ್ಮಂಥವರು ಜೀವನಪೂರ್ತಿ ಮಾತ್ರೆ ನುಂಗಬೇಕು. ಅದೇ ಮಾತ್ರೆ ರೋಗದ ಜೊತೆ ಹೋರಾಡುವ ಶಕ್ತಿಯನ್ನೂ ತಗ್ಗಿಸುತ್ತದೆ. ವೈರಸ್ ಒಳಗೆ ಬಂದ ಮೇಲೆ ಮಾತ್ರೆ ಪೂರ್ತಿ ಕೊಟ್ಟರೆ ಜೀವಕ್ಕೆ ಕಷ್ಟ, ತೀರಾ ಇಳಿಸಿದರೆ ಕಿಡ್ನಿಗೆ ಕಷ್ಟ. ಬೆಂಗಳೂರಿನ ನಮ್ಮ ಕಿಡ್ನಿ ಡಾಕ್ಟರ್ ಫೋನಿನಲ್ಲೇ ಆ ಮಾತ್ರೆಗಳಲ್ಲಿ ಮೈಕೋಫೆನೊಲೇಟ್ ಅನ್ನೋದನ್ನು ನಿಲ್ಲಿಸಲು ಹೇಳಿದರು, ಟ್ಯಾಕ್ರೊಲಿಮಸ್ ಇಳಿಸಿದರು, ಸ್ಟೀರಾಯ್ಡ್ ಮಾತ್ರ ಬಿಡಬೇಡಿ ಅಂದರು. ಸರಿಯಾದದ್ದೇ ಅಂತ ಗೊತ್ತಿತ್ತು. ಆದರೂ ಡಬ್ಬಿಯಲ್ಲಿ ಆ ಮಾತ್ರೆ ಹಾಗೇ ಉಳಿದದ್ದು ಕಂಡಾಗೆಲ್ಲ ಅವಳ ಹೊಲಿಗೆಯ ಗುರುತು ನೆನಪಾಗುತ್ತಿತ್ತು.

ಈಗ ಬಾಮೈದನ ವಿಷಯ. ಅವನಿಗೆ ಹೆಸರು ಹಾಕೋದು ಇಷ್ಟವಿಲ್ಲ, ಹಾಕಲ್ಲ.

ಕಷ್ಟದ ಆ ರಾತ್ರಿ ಮಾಸ್ಕಿನಲ್ಲಿ ಆಕ್ಸಿಜನ್ ಹೋಗುತ್ತಿದ್ದರೂ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 84ಕ್ಕೆ ಬಂತು. ಬೋರಲು ಮಲಗಿ ಅಂದರು ಡ್ಯೂಟಿ ಡಾಕ್ಟರ್. ನಾನು ಒಪ್ಪಲಿಲ್ಲ. ಕಸಿ ಮಾಡಿದ ಕಿಡ್ನಿಯನ್ನು ಬೆನ್ನಿನ ಕಡೆ ಇಡುವುದಿಲ್ಲ. ಕಿಬ್ಬೊಟ್ಟೆಯಲ್ಲಿ, ಮುಂದುಗಡೆಗೇ ಇಡುತ್ತಾರೆ. ನನಗೆ ಬಲಗಡೆ ಇದೆ, ಕೈಯಿಟ್ಟರೆ ಸಿಗುತ್ತದೆ. ಮೈ ಭಾರವೆಲ್ಲ ಅದರ ಮೇಲೇ ಬಿದ್ದರೆ? ಏನೂ ಆಗಲ್ಲ ಅಂತ ಹೇಳಿ ಡಾಕ್ಟರ್ ಪಕ್ಕದ ಬೆಡ್‌ಗೆ ಹೋದರು. ಪಾಪ, ಅವರು ಒಬ್ಬರೇ, ವಾರ್ಡ್ ತುಂಬಾ ಜನ.

ಸಿಬ್ಬಂದಿ ಸಾಲದೆ, ಕಿಟ್ ಹಾಕಿಕೊಂಡು ಮನೆಯವರೊಬ್ಬರು ಒಳಗಿರಬಹುದು ಅಂತ ಬಿಟ್ಟಿದ್ದರು. ಹಾಗೆ ಒಳಗೆ ಬಂದವನು ಇವನು. ದಿಂಬು ಕೇಳಿದ, ಇರಲಿಲ್ಲ. ಕಂಬಳಿ ಸುತ್ತಿ ನನ್ನ ಎದೆ ಕೆಳಗೆ ಕೊಟ್ಟ. ತನ್ನ ಬಟ್ಟೆಯ ಬ್ಯಾಗನ್ನೇ ಮಡಚಿ ಸೊಂಟದ ಕೆಳಗೆ ಕೊಟ್ಟ. ಹೊಟ್ಟೆಗೂ ಬೆಡ್‌ಗೂ ನಡುವೆ ಜಾಗ ಆಯಿತು. ಅಲ್ಲಿ ಕೈ ತೂರಿಸಿ ಆಡಿಸಿದ. "ಭಾವ, ನೋಡಿ, ಅಕ್ಕನ ಕಿಡ್ನಿ ಕೆಳಗೆ ನನ್ನ ಕೈ ಆಡ್ತಿದೆ. ಏನೂ ಒತ್ತಲ್ಲ. ಮಲಗಿ."

ಮಲಗಿದೆ. ಬೆಳಗಿನವರೆಗೂ ಅವನು ಕೂರಲಿಲ್ಲ. ಬೆರಳಿನ ಮೆಷೀನ್ ನೋಡಿ ನಂಬರ್ ಹೇಳುತ್ತಿದ್ದ. ಇಳಿದರೂ ಹೇಳುತ್ತಿದ್ದ, ಮುಚ್ಚಿಡುತ್ತಿರಲಿಲ್ಲ. ಅದಕ್ಕೇ 91 ಅಂದಾಗ ನಂಬಿದೆ. ಫೇಸ್ ಶೀಲ್ಡ್ ಪೂರ್ತಿ ಮಂಜಾಗಿ ಅವನ ಮುಖವೇ ಕಾಣುತ್ತಿರಲಿಲ್ಲ. ಪಕ್ಕದ ಬೆಡ್‌ನ ತಾತನಿಗೂ ಅವನೇ ನೀರು ಕುಡಿಸಿದ.

ಮಧ್ಯೆ ಒಂದು ಸಲ ನನಗೆ ತಡೆಯಲಾಗಲಿಲ್ಲ. "ನಾನು ಹೋದ್ರೆ ನಿಮ್ಮಕ್ಕ ಕೊಟ್ಟಿದ್ದೂ ನನ್ನ ಜೊತೆಗೇ ಹೋಗುತ್ತಲ್ಲೋ" ಅಂತ ಅತ್ತುಬಿಟ್ಟೆ. ಅವನು ಏನೂ ಹೇಳದೆ ಮನೆಗೆ ಫೋನ್ ಹಚ್ಚಿ ನನ್ನ ಕಿವಿಗಿಟ್ಟ. ಅವಳೂ ಮಲಗಿರಲಿಲ್ಲ. "ಕಿಡ್ನಿ ಹೋದ್ರೆ ಹೋಗ್ಲಿ ರೀ. ಮತ್ತೆ ಡಯಾಲಿಸಿಸ್‌ಗೆ ಓಡಾಡೋಣ. ನೀವು ಬನ್ನಿ, ಸಾಕು" ಅಂದಳು. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತೆ.

ಡ್ಯೂಟಿ ಡಾಕ್ಟರಿಗೆ, ಸಿಸ್ಟರ್‌ಗಳಿಗೆ, ನೆಲ ಒರೆಸುತ್ತಾ "ಊಟ ಮಾಡಿದ್ರಾ ಅಣ್ಣ" ಅಂತ ವಿಚಾರಿಸುತ್ತಿದ್ದ ಅಮ್ಮನಿಗೆ, ಲಾಕ್‌ಡೌನಿನಲ್ಲೂ ಬೆಂಗಳೂರಿಂದ ನನ್ನ ಮಾತ್ರೆ ತಂದುಕೊಟ್ಟ ತರಕಾರಿ ಗಾಡಿಯ ಡ್ರೈವರ್‌ಗೆ, ರೇಷ್ಮೆ ಗೂಡಿನ ಮಾರ್ಕೆಟ್ಟಿನ ಗೆಳೆಯರಿಗೆ, ರೀಲಿಂಗ್ ಯೂನಿಟ್ ನೋಡಿಕೊಂಡ ಹುಡುಗರಿಗೆ ಕೈಮುಗಿದು ಥ್ಯಾಂಕ್ಸ್.

ನಿಲ್ಲಿಸಿದ್ದ ಮಾತ್ರೆಯನ್ನು ಆಮೇಲೆ ಡಾಕ್ಟರ್ ನಿಧಾನವಾಗಿ, ರಕ್ತ ಪರೀಕ್ಷೆ ನೋಡಿ ನೋಡಿ ಶುರು ಮಾಡಿಸಿದರು. ನಮ್ಮ ಕಡೆ ಕಸಿ ಆದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಜ್ವರ ಬಂದ ದಿನವೇ ನಿಮ್ಮ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ. ನೀವಾಗೇ ಒಂದು ಮಾತ್ರೆಯನ್ನೂ ಬಿಡಬೇಡಿ, ಹೊಸದು ಸೇರಿಸಲೂಬೇಡಿ. ಕೊರೊನಾಗೆ ಕೊಡುವ ಪ್ಯಾಕ್ಸ್‌ಲೋವಿಡ್‌ನಂಥ ಮಾತ್ರೆ ಕೂಡ ರಕ್ತದಲ್ಲಿ ಟ್ಯಾಕ್ರೊಲಿಮಸ್ಸನ್ನು ಅಪಾಯದ ಮಟ್ಟಕ್ಕೆ ಏರಿಸಿಬಿಡುತ್ತದೆ.

ಶ್ರಾವಣದಲ್ಲಿ ಬಾಮೈದನ ಮದುವೆ. ಎಲ್ಲರೂ ಬರಬೇಕು. ಲಸಿಕೆ ಹಾಕಿಸಿಕೊಂಡರೂ ನಮ್ಮಂಥವರ ಮೈಯಲ್ಲಿ ಅದು ಉಳಿದವರಷ್ಟು ಕೆಲಸ ಮಾಡಲ್ಲ. ಹಾಗಾಗಿ ನಾನು ಮಾಸ್ಕ್ ಹಾಕಿಕೊಂಡೇ ಇರ್ತೀನಿ, ಕೈ ಕುಲುಕಲ್ಲ. ಬೇಜಾರು ಮಾಡ್ಕೋಬೇಡಿ. ಕೆಮ್ಮು ನೆಗಡಿ ಇದ್ದವರು ನನ್ನಿಂದ ಸ್ವಲ್ಪ ದೂರ ಕೂತು ಊಟ ಮಾಡಿ. ಧಾರೆ ಹೊತ್ತಿಗೆ ಮಾತ್ರ ನಾನೂ ನನ್ನ ಹೆಂಡತಿಯೂ ಅವನ ಪಕ್ಕದಲ್ಲೇ ಇರ್ತೀವಿ.