ಕಾರಿನ ತಳದ ಉಪ್ಪು

ಉಡುಪಿ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಲ್ಪೆಯಲ್ಲಿ ಮನೆ ಹಿಡಿದಿದ್ದೀ, ಕೆಲಸಕ್ಕೆಂದು ಮರವಂತೆ ದಾಟಿ ಬೈಂದೂರಿನವರೆಗೆ ಕಾರು ಓಡಿಸುತ್ತೀ. ಅಂದ ಮೇಲೆ ನಿನ್ನ ಕಾರಿನ ಸಸ್ಪೆನ್ಶನ್, ಅಂದರೆ ಚಕ್ರಗಳನ್ನು ಕಾರಿಗೆ ಹಿಡಿದಿಡುವ ಸ್ಪ್ರಿಂಗ್, ಆರ್ಮ್‌ಗಳ ಜೋಡಣೆ, ಹಗಲಿರುಳು ಉಪ್ಪಿನಲ್ಲೇ ಇದೆ ಎಂದು ತಿಳಿದುಕೋ. ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ; ಅದು ಚಳಿಗಾಲದ ಕಾಟ. ನಮಗೆ ಕಡಲಗಾಳಿ ವರ್ಷವಿಡೀ ತಂದು ಹಾಕುತ್ತದೆ. ಸಾಲದ್ದಕ್ಕೆ ಮೀನಿನ ಲಾರಿಗಳಿಂದ ಸೋರುವ ನೀರು ಬೇರೆ.

ಎಲ್ಲರೂ ಮಳೆಗಾಲಕ್ಕೆ ಹೆದರುತ್ತಾರೆ. ನನಗೆ ಕೇಳಿದರೆ ನವೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳೇ ಹೆಚ್ಚು ಕೆಟ್ಟವು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ, ರಸ್ತೆಯನ್ನು ಮಳೆಯೇ ತೊಳೆಯುತ್ತದೆ. ಆಮೇಲೆ ತೊಳೆಯುವವರಿಲ್ಲ. ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ನಮ್ಮ ಕರಾವಳಿಯ ರಾತ್ರಿಗಳಲ್ಲಿ ಅಷ್ಟು ತೇವಕ್ಕೆ ಬರವಿಲ್ಲ. ಸಂಜೆ ಒಣಗಿದ್ದ ಕಬ್ಬಿಣ ಬೆಳಗಿನ ಜಾವಕ್ಕೆ ಉಪ್ಪುನೀರಿನಲ್ಲಿ ನೆನೆದಿರುತ್ತದೆ. ಮಳೆ ತಾಗದ ಮೂಲೆಗಳಿಗೇ ಮೊದಲು ತುಕ್ಕು ಬರುವುದು ಇದರಿಂದ.

ಟಾರ್ಚ್ ಹಿಡಿದು ಸ್ಪ್ರಿಂಗ್ ಕೂರುವ ಬಟ್ಟಲನ್ನು ನೋಡು. ಮರಳು ಬೆರೆತ ಕೆಸರು ಕೂತಿರುತ್ತದೆ. ಪ್ರತಿ ಹೊಂಡಕ್ಕೂ ಸ್ಪ್ರಿಂಗಿನ ಕೊನೆಯ ಸುತ್ತು ಆ ಮರಳಿಗೆ ಉಜ್ಜಿ ಉಜ್ಜಿ ಬಣ್ಣ ಹಪ್ಪಳದಂತೆ ಎದ್ದಿರುತ್ತದೆ. ಬರಿಯಾದ ಉಕ್ಕಿನಲ್ಲಿ ಉಪ್ಪು ಸೂಜಿಮೊನೆಯಷ್ಟು ಗುಳಿ ತೋಡುತ್ತದೆ, ಬಿರುಕು ಹೊರಡುವುದು ಅಲ್ಲಿಂದಲೇ. ಒಂದು ದಿನ ಹಂಪ್ ಮೇಲೆ ಟಣ್ ಎಂದು ಮುರಿದರೆ ಆ ಚೂಪು ತುದಿ ಟೈರನ್ನೂ ಸೀಳಬಹುದು. ಮುರಿದ ಸ್ಪ್ರಿಂಗಿಗೆ ವೆಲ್ಡಿಂಗ್ ಮಾಡಿಸಲೇಬೇಡ. ಎಡ, ಬಲ ಎರಡನ್ನೂ ಒಟ್ಟಿಗೆ ಬದಲಿಸು.

ತೊಳೆಯುವುದು ವಾರಕ್ಕೊಮ್ಮೆ, ಬೀಚಿನ ಮರಳಿಗೆ ಇಳಿದಿದ್ದರೆ ಅದೇ ದಿನ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಸಲ, ಬಲಕ್ಕೆ ತಿರುಗಿಸಿ ಇನ್ನೊಂದು ಸಲ, ಚಕ್ರದ ಗೂಡಿನ ಮೇಲಿನಿಂದ ಕೆಳಕ್ಕೆ ನೀರು ಬಿಡು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್, ಹಿಂದಿನ ಆಕ್ಸಲ್ ಮರೆಯಬೇಡ. ರಭಸಕ್ಕಿಂತ ನೀರಿನ ಪ್ರಮಾಣ ಮುಖ್ಯ. ಪ್ರೆಶರ್ ಪಂಪಾದರೆ ಆರ್ಮಿನ ತುದಿಯ ಕೀಲಾದ ಬಾಲ್ ಜಾಯಿಂಟಿನ ರಬ್ಬರ್ ಟೋಪಿಗೆ ಹತ್ತಿರದಿಂದ ಹೊಡೆಯಬೇಡ, ನೀರು ಒಳಗೆ ನುಗ್ಗಿ ಗ್ರೀಸ್ ಹಾಳಾಗುತ್ತದೆ. ಸ್ಪ್ರಿಂಗ್ ಬಟ್ಟಲಿನ ನೀರು ಇಳಿಯುವ ತೂತು ಕಟ್ಟಿದ್ದರೆ ಹಿಡಿಸೂಡಿಯ ಕಡ್ಡಿ ಸಾಕು. ಬೇಸಿಗೆಯಲ್ಲಿ ನಿನ್ನ ಬಾವಿಯ ನೀರು ಉಪ್ಪಾದರೆ ಅದರಿಂದ ತೊಳೆದು ಏನೂ ಫಲವಿಲ್ಲ. ನಗರಸಭೆಯ ನಲ್ಲಿಯಲ್ಲಿ ಬರುವ ಸಿಹಿನೀರೇ ಬಳಸು. ತೊಳೆದ ಮೇಲೆ ಐದಾರು ಕಿಲೋಮೀಟರ್ ಓಡಿಸು. ಒದ್ದೆ ಕಾರಿಗೆ ಕವರ್ ಹಾಕಿಡಬೇಡ.

ಮೇ ಕೊನೆಯ ವಾರದ ಪತ್ತನಾಜೆಯ ಮೊದಲು, ಅಂದರೆ ಮಳೆಗಾಲಕ್ಕೆ ಮುಂಚೆ, ಕಾರನ್ನು ಲಿಫ್ಟಿಗೆ ಏರಿಸಿ ಒಮ್ಮೆ ಸರಿಯಾಗಿ ಕೆಲಸ ಮಾಡಿಸು. ಮೊದಲು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಬಣ್ಣದ ಕೆಳಗೆ ಉಪ್ಪು ಉಳಿದರೆ ಗುಳ್ಳೆ ಏಳುತ್ತದೆ. ಆರ್ಮ್, ಆಕ್ಸಲ್‌ಗಳ ಸಡಿಲ ತುಕ್ಕನ್ನು ವೈರ್ ಬ್ರಶ್‌ನಲ್ಲಿ ಕೆರೆದು, ಉಳಿದದ್ದಕ್ಕೆ ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಹಚ್ಚಿ ಒಂದು ದಿನ ಬಿಡಲಿ. ನಂತರ ಎಪಾಕ್ಸಿ ಪ್ರೈಮರ್, ಚಾಸಿಸ್ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಎರಡು ಕೋಟು, ಟೊಳ್ಳು ಭಾಗಗಳೊಳಗೆ ವ್ಯಾಕ್ಸ್ ಸ್ಪ್ರೇ. ಡಿಸ್ಕ್, ಬ್ರೇಕ್ ಪ್ಯಾಡ್, ಸೈಲೆನ್ಸರ್, ಶಾಕ್ ಅಬ್ಸಾರ್ಬರಿನ ಹೊಳೆಯುವ ರಾಡ್, ಇವಕ್ಕೆ ಏನೂ ತಾಗಬಾರದು.

ತುಕ್ಕಿನ ಮೇಲೇ ಡಾಂಬರಿನಂಥ ದಪ್ಪ ಕೋಟಿಂಗ್ ಬಳಿಯುವವರಿದ್ದಾರೆ. ಬೇಡ. ಬಿರುಕಿನಲ್ಲಿ ಇಳಿದ ಉಪ್ಪುನೀರು ಹೊರಬರಲಾರದೆ ಒಳಗೇ ಕೊರೆಯುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಡೀಸೆಲ್, ಹಳೇ ಇಂಜಿನ್ ಆಯಿಲ್ ಸ್ಪ್ರೇಯೂ ಬೇಡ, ಆರ್ಮಿನ ಕೀಲುಗಳಲ್ಲಿ ಕೂರುವ ಬುಶ್‌ಗಳ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಆರ್ಮಿನ ಬುಶ್ ಬದಲಿಸುವಾಗ ಬೋಲ್ಟಿನ ನಯವಾದ ಭಾಗಕ್ಕೆ ತೆಳ್ಳಗೆ ಗ್ರೀಸ್ ಸವರಲು ಹೇಳು, ನಟ್ಟು ಕೂರುವ ತಿರುಪಿನ ಎಳೆಗಳಿಗೆ ಬೇಡ. ಇಲ್ಲವಾದರೆ ಮುಂದಿನ ಸಲ ಅದು ಬುಶ್‌ನ ಒಳಗಿನ ಕಬ್ಬಿಣದ ಕೊಳವೆಯಲ್ಲೇ ಅಂಟಿ ಗ್ಯಾಸ್ ಕಟ್ಟರ್ ತರಬೇಕಾದೀತು. ಕೊನೆಯ ಬಿಗಿ ಚಕ್ರಗಳು ನೆಲದ ಮೇಲಿರುವಾಗಲೇ ಕೊಡಲಿ. ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಈ ಭಾನುವಾರ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆ. ಎಡಬಲದಲ್ಲಿ ಒಂದು ಬೆರಳಗಲ ವ್ಯತ್ಯಾಸವಿದ್ದರೆ ಬೈಂದೂರಿಗೆ ಹೊರಡುವ ಮೊದಲೇ ಸ್ಪ್ರಿಂಗ್ ತೋರಿಸು. ನಾಲ್ಕೂ ಅಳತೆ ಬರೆದು ನನಗೆ ಕಳಿಸು.

ಇಂತು,
ನಿನ್ನ ದೊಡ್ಡಪ್ಪ